ಮನೆ ವಿಳಾಸ ತಿದ್ದಿದರೆ ‘ಈ ಸದಸ್ಯ ಸಂಖ್ಯೆ ಈಗಾಗಲೇ ಇದೆ’ ಎಂಬ ಎರರ್

ಹಿಂಜವಡಿ ಹುಡುಗ:
ಪುಣೆಯ ನಮ್ಮ ಕನ್ನಡ ಬಳಗಕ್ಕೆ ಸದಸ್ಯರ ಆ್ಯಪ್ ಬರೆಯುತ್ತಿದ್ದೇನೆ. ಸರ್ವರ್ ಕಡೆ ಪೈಥಾನ್‌ನ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದು ಕುಟುಂಬ, ಅದರೊಳಗೆ ಸದಸ್ಯರ ಲಿಸ್ಟ್. ಸದಸ್ಯ ಸಂಖ್ಯೆ ಯೂನಿಕ್, ಇಬ್ಬರಿಗೆ ಒಂದೇ ಇರುವಂತಿಲ್ಲ. ಹೊಸ ಕುಟುಂಬ ಸೇರಿಸಲು ಏನೂ ತಕರಾರಿಲ್ಲ. ನಿನ್ನೆ ಒಂದು ಮನೆಯವರು ಕೊತ್ರೂಡ್‌ನಿಂದ ವಾಕಡ್‌ಗೆ ಹೋದರು. ವಿಳಾಸ ಮಾತ್ರ ತಿದ್ದಿದೆ. ಆ ಮನೆಯ ಐದೂ ಜನರ ಮೇಲೆ ‘ಈಗಾಗಲೇ ಇದೆ’ ಎಂದು 400 (ಕಳಿಸಿದ ಡೇಟಾ ತಪ್ಪು ಎಂಬ ಎರರ್) ಬಂತು. ಇರೋದು ಅವರದ್ದೇ ಸಂಖ್ಯೆ ಅಲ್ವಾ! ನಾನು ಬರೆದ ಅಪ್‌ಡೇಟ್ ಫಂಕ್ಷನ್‌ವರೆಗೆ ಕೋಡ್ ಹೋಗುವುದೇ ಇಲ್ಲ. ಮಾಡೆಲ್‌ನಿಂದ ಯೂನಿಕ್ ತೆಗೆದುಬಿಡಲೇ?

ಮಾಟುಂಗಾದವ:
ಅದೊಂದು ಮಾಡಬೇಡಿ ಮಾರಾಯ್ರೆ. ತಪ್ಪು ಡೇಟಾಬೇಸ್‌ನದ್ದಲ್ಲ. ಸೀರಿಯಲೈಸರ್ ಅಂದರೆ ಬಂದ ಡೇಟಾ ಪರೀಕ್ಷಿಸುವ ಕ್ಲಾಸ್. ಯೂನಿಕ್ ವ್ಯಾಲಿಡೇಟರ್ ತನ್ನ ಸೀರಿಯಲೈಸರ್‌ನ ಇನ್‌ಸ್ಟನ್ಸ್ (ಈಗ ತಿದ್ದುತ್ತಿರುವ ಹಳೆಯ ಸಾಲು) ನೋಡಿ, ಆ ಸಾಲನ್ನು ಬಿಟ್ಟು ಹುಡುಕುತ್ತದೆ. ನೀವು ಇನ್‌ಸ್ಟನ್ಸ್ ಕೊಟ್ಟದ್ದು ಹೊರಗಿನ ಕುಟುಂಬಕ್ಕೆ. ಒಳಗಿನ ಸದಸ್ಯ ಸೀರಿಯಲೈಸರ್‌ಗೆ ಅದು ಸಿಗುವುದಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ಎಲ್ಲರೂ ಹೊಸಬರೇ.

ಒಳಗಿನ ಸೀರಿಯಲೈಸರ್‌ನ ಮೆಟಾದಲ್ಲಿ (ಅದರ ಸೆಟ್ಟಿಂಗ್ ಭಾಗ) ಎಕ್ಸ್‌ಟ್ರಾ ಕ್ವಾರ್ಗ್ಸ್ (extra_kwargs) ಹಾಕಿ, ಆ ಫೀಲ್ಡ್‌ನ ವ್ಯಾಲಿಡೇಟರ್ಸ್‌ಗೆ ಖಾಲಿ ಲಿಸ್ಟ್ ಕೊಡಿ. ಮಾಡೆಲ್‌ನಲ್ಲಿ ಆ ಫೀಲ್ಡ್‌ಗೆ ರೆಜೆಕ್ಸ್ (ಬರೆಯುವ ಮಾದರಿಯ ಪರೀಕ್ಷೆ) ಇದ್ದರೆ ಅದೂ ಜೊತೆಗೇ ಹೋಗುತ್ತದೆ, ಮತ್ತೆ ಸೇರಿಸಬೇಕು. ಹಳೆಯ ಸದಸ್ಯರನ್ನು ಗುರುತಿಸಲು ಐಡಿ ಬೇಕು, ಆದರೆ ಅದು ಮಾಮೂಲಾಗಿ ರೀಡ್-ಓನ್ಲಿ, ಕಳಿಸಿದರೂ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಅದನ್ನು ಕಡ್ಡಾಯವಲ್ಲದ ಇಂಟಿಜರ್ ಫೀಲ್ಡ್ ಎಂದು ನೀವೇ ಬರೆಯಿರಿ. ಆಮೇಲೆ ಕುಟುಂಬದ ವ್ಯಾಲಿಡೇಟ್‌ನಲ್ಲಿ, ಅದೇ ಐಡಿ ಬಿಟ್ಟು ಬೇರೆ ಯಾರಿಗಾದರೂ ಆ ಸಂಖ್ಯೆ ಇದೆಯೇ ಎಂದು ಹುಡುಕಿ. ಒಂದೇ ಲಿಸ್ಟ್‌ನಲ್ಲಿ ಎರಡು ಸಲ ಬಂದಿದೆಯೇ ಅಂತಲೂ. ಬಂದ ಐಡಿ ಅದೇ ಕುಟುಂಬದ್ದು ಎಂದು ನೋಡದಿದ್ದರೆ ಪಕ್ಕದ ಮನೆಯವರ ಹೆಸರನ್ನೂ ಯಾರಾದರೂ ತಿದ್ದಿಯಾರು. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಹಿಂಜವಡಿ ಹುಡುಗ:
ವಿಳಾಸ ಸೇವ್ ಆಯಿತು! ಆದರೆ ನಿಜವಾದ ತಪ್ಪಿದ್ದಾಗ ಮೆಸೇಜ್ ಫಾರ್ಮ್‌ನ ತಲೆಯ ಮೇಲೆ ಬರುತ್ತದೆ. ಯಾವ ಸಾಲು ಅಂತ ಗೊತ್ತಾಗಲ್ಲ.

ಮಾಟುಂಗಾದವ:
ಸುಮ್ನೆ ಸ್ಟ್ರಿಂಗ್ ಎಸೆದಿದ್ದೀರಿ, ಅದು ನಾನ್-ಫೀಲ್ಡ್ ಎರರ್ಸ್‌ಗೆ (ಯಾವ ಫೀಲ್ಡ್‌ಗೂ ಸೇರದ ತಪ್ಪುಗಳು) ಹೋಯಿತು. ಸದಸ್ಯರು ಎಷ್ಟಿದ್ದಾರೋ ಅಷ್ಟೇ ಉದ್ದದ ಲಿಸ್ಟ್ ಮಾಡಿ. ಸರಿಯಿರುವ ಸಾಲಿಗೆ ಖಾಲಿ ಡಿಕ್ಷನರಿ, ತಪ್ಪಿನ ಸಾಲಿಗೆ ಫೀಲ್ಡ್ ಹೆಸರು ಮತ್ತು ಮೆಸೇಜ್. ಸದಸ್ಯರ ಫೀಲ್ಡ್ ಹೆಸರನ್ನೇ ಕೀ ಮಾಡಿ, ಆ ಲಿಸ್ಟನ್ನು ವ್ಯಾಲಿಡೇಷನ್ ಎರರ್ ಆಗಿ ಎಸೆಯಿರಿ. ಫ್ರೇಮ್‌ವರ್ಕ್ ತಾನೇ ಕೊಡುವ ಆಕಾರವೂ ಅದೇ.

ಮಡಗಾಂವ್‌ನಿಂದ:
ನಡುವೆ ಬಾಯಿ ಹಾಕುತ್ತೇನೆ. ಇಬ್ಬರು ಒಂದೇ ಹೊತ್ತಿಗೆ ಒತ್ತಿದರೆ ಇಬ್ಬರದೂ ಪರೀಕ್ಷೆ ಪಾಸು, ಆಮೇಲೆ ಡೇಟಾಬೇಸ್ ಒಬ್ಬರನ್ನು ತಡೆದಾಗ ಸರ್ವರ್ 500 ಎರರ್ ಕೊಡುತ್ತದೆ. ಆಗ ಡೇಟಾಬೇಸ್‌ನಿಂದ ಬರುವ ಇಂಟೆಗ್ರಿಟಿ ಎರರ್ ಹಿಡಿಯಿರಿ, ಆದರೆ ಅಟಾಮಿಕ್ ಬ್ಲಾಕ್‌ನ (ಎಲ್ಲವೂ ಒಟ್ಟಿಗೆ ಸೇವ್ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎನ್ನುವ ಭಾಗ) ಹೊರಗೆ. ಒಳಗೇ ಹಿಡಿದು ಮುಂದಿನ ಕ್ವೆರಿ ಓಡಿಸಲು ಹೋದರೆ, ರೋಲ್‌ಬ್ಯಾಕ್ ಆಗುವವರೆಗೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಹಿಂಜವಡಿ ಹುಡುಗ:
ಮೂರೂ ಹಾಕಿದೆ. ಅದೇ ಮನೆಯ ಹೊಸ ಮಗುವನ್ನು ಆರನೆಯ ಸಾಲಿಗೆ ಸೇರಿಸಿದೆ. ಕೆಂಪು ಮೆಸೇಜ್ ನೇರ ಅಲ್ಲೇ ಬಂತು. ನೋಡಿದರೆ ಮಗುವಿಗೆ ಅಜ್ಜನ ಸಂಖ್ಯೆ ಹಾಕಿದ್ದೆ.