ಸಹಾಯ ಬೇಕು: ಬೋಲ್ಟಿನ ಕಾರ್ಬನ್ ಲೆಕ್ಕ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ನಟ್-ಬೋಲ್ಟ್ ವರ್ಕ್‌ಶಾಪ್ ಇದೆ. ಹೈದರಾಬಾದಿನ ರಫ್ತುದಾರರೊಬ್ಬರು ನಮ್ಮ ಮಾಲನ್ನು ಜರ್ಮನಿಗೆ ಕಳಿಸುತ್ತಾರೆ. ಈಗ ಒಂದು ದೊಡ್ಡ ಎಕ್ಸೆಲ್ ಫೈಲ್ ಕಳಿಸಿ, ಒಂದು ಟನ್ ಬೋಲ್ಟ್ ತಯಾರಾಗುವಷ್ಟರಲ್ಲಿ ಎಷ್ಟು ಕಾರ್ಬನ್ ಗಾಳಿಗೆ ಸೇರುತ್ತದೆ ಅಂತ ತುಂಬಿಕೊಡಿ ಎನ್ನುತ್ತಿದ್ದಾರೆ.

ಇದು ಯುರೋಪಿನ ಗಡಿ ಕಾರ್ಬನ್ ಶುಲ್ಕ, ಸಿಬಿಎಎಂ. 2023ರ ಅಕ್ಟೋಬರಿನಿಂದ ಬರೀ ವರದಿ ಕೊಟ್ಟರೆ ಸಾಕಿತ್ತು. 2026ರ ಜನವರಿಯಿಂದ ದುಡ್ಡಿನ ಲೆಕ್ಕ ಶುರು. ಕಟ್ಟುವವರು ಅಲ್ಲಿನ ಆಮದುದಾರರು, ಆದರೆ ಕೊನೆಗೆ ರೇಟು ಇಳಿಸಿ ಅಂತ ಕೇಳುವುದು ನಮ್ಮನ್ನೇ ಅಲ್ವಾ? ತಮ್ಮ ಕಾರ್ಖಾನೆಗಳು ಕಾರ್ಬನ್ನಿಗೆ ದುಡ್ಡು ಕಟ್ಟುವಾಗ ಹೊರಗಿನ ಮಾಲು ಸುಮ್ನೆ ಒಳಗೆ ಬರಬಾರದು ಎಂಬ ಯುರೋಪಿನವರ ವಾದ ನನಗೂ ಅರ್ಥವಾಗುತ್ತದೆ. ಆದರೆ ನಮ್ಮಂಥವರಿಗೆ ಈ ಕಾಗದಪತ್ರವೇ ಭಾರ.

ನಮ್ಮಲ್ಲಿ ಕುಲುಮೆ ಇಲ್ಲ. ಜಾಸ್ತಿ ಕಾರ್ಬನ್ ಬರುವುದು ನಾವು ಕೊಳ್ಳುವ ತಂತಿ ಉಕ್ಕಿನಿಂದ. ಅದು ಅದಿರಿನದೋ ಗುಜರಿಯದೋ ಎಂಬುದರ ಮೇಲೆ ಅಂಕಿ ಪೂರಾ ಬದಲಾಗುತ್ತದೆ. ಡೀಲರ್ ಮಾತ್ರ ಬಿಲ್ ಬಿಟ್ಟು ಬೇರೇನೂ ಕೊಡುವುದಿಲ್ಲ. ನಿಜವಾದ ಅಂಕಿ ಕೊಡದಿದ್ದರೆ ಯುರೋಪಿನವರೇ ನಿಗದಿ ಮಾಡಿದ ಅಂಕಿ ಹಾಕುತ್ತಾರೆ, ಅದು ನಮಗೆ ದುಬಾರಿ.

ಕಲಬುರಗಿ, ಹುಮನಾಬಾದ್ ಕಡೆ ಯಾರಾದರೂ ಈ ಫೈಲ್ ತುಂಬಿದ್ದೀರಾ? ಉಕ್ಕಿನ ಮಿಲ್ಲಿನಿಂದ ಅಂಕಿ ತರಿಸಿದ್ದು ಹೇಗೆ? ಅಂಕಿ ಸರಿಯಿದೆಯಾ ಅಂತ ನೋಡುವ ಪರಿಶೀಲಕರಿಗೆ ಎಷ್ಟು ಖರ್ಚಾಯಿತು? ವರ್ಷಕ್ಕೆ 50 ಟನ್ನಿನೊಳಗೆ ತರಿಸುವ ಆಮದುದಾರರಿಗೆ ವಿನಾಯಿತಿ ಇದೆ. ನಮ್ಮ ಮಾಲು ಕೊಳ್ಳುವ ಜರ್ಮನಿಯ ಗಿರಾಕಿ ಅದರಲ್ಲಿ ಬರುತ್ತಾರಾ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ. ಗೊತ್ತಿದ್ದವರು ಕೆಳಗೆ ಬರೆಯಿರಿ, ಇಲ್ಲವೇ ಮೆಸೇಜ್ ಮಾಡಿರಿ.