‘ಇಂಜೆಕ್ಷನ್ ಕೊಟ್ಟು ಮುಗಿಸಿ ಸಿಸ್ಟರ್’ ಎಂದರೆ?

ಪ್ರಶ್ನೆ (ನರ್ಸಿಂಗ್ ಅಧ್ಯಾಪಕಿ, ಮಂಗಳೂರು): ಕ್ಯಾನ್ಸರ್ ವಾರ್ಡಿನಲ್ಲಿ ರೋಗಿಗಳು ಸಾವನ್ನೇ ಬೇಡಿದಾಗ ನಮ್ಮ ಅಂತಿಮ ವರ್ಷದ ಹುಡುಗಿಯರು ಮಾತು ತಪ್ಪಿಸಿ ಹೊರಗೆ ಓಡಿಬರುತ್ತಾರೆ. ಇವರನ್ನು ಹೇಗೆ ಸಿದ್ಧಗೊಳಿಸುವುದು? ಅನುಭವವಿದ್ದವರು ಹೇಳಿ.

ನಿವೃತ್ತ ನರ್ಸ್, ಉಡುಪಿ: ಮೇಡಂ, ನಾನು ಓಡಲಿಲ್ಲ; ಅದಕ್ಕಿಂತ ಕೆಟ್ಟದ್ದು ಮಾಡಿದೆ. ಮಲ್ಪೆ ಕಡೆಯ ಮೀನುಗಾರರೊಬ್ಬರು, ಬಾಯಿ ಕ್ಯಾನ್ಸರ್. ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಎಂದರು. ‘ಹಾಗೆಲ್ಲ ಹೇಳಬಾರದು, ದೇವರಿದ್ದಾನೆ’ ಎಂದೆ. ಗೋಡೆಗೆ ಮುಖ ಮಾಡಿ ಮಲಗಿದವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ನಮ್ಮ ಹಿರಿಯ ಸಿಸ್ಟರ್ ಸ್ಟೂಲ್ ಎಳೆದು ಕುಳಿತು, ‘ಯಾವ ಹೊತ್ತಿಗೆ ಹೆಚ್ಚು ಕಷ್ಟವಾಗುತ್ತದೆ?’ ಎಂದಷ್ಟೇ ಕೇಳಿದರು. ನೋವಿನ ಮಾತೇ ಬರಲಿಲ್ಲ. ಹುಣ್ಣಿನ ವಾಸನೆಗೆ ಮೊಮ್ಮಗ ಹತ್ತಿರ ಬರುವುದಿಲ್ಲವಂತೆ. ವೈದ್ಯರ ಸೂಚನೆಯಂತೆ ವಾಸನೆ ತಗ್ಗಿಸುವ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಗಾಯಕ್ಕೆ ಹಾಕಿದೆವು. ನೋವು ತಗ್ಗಿಸುವ ಮಾರ್ಫಿನ್ ಹೊತ್ತುಹೊತ್ತಿಗೆ ಸರಿಯಾಗಿ ಕೊಟ್ಟೆವು. ಆಮೇಲೂ ಒಂದೆರಡು ಬಾರಿ ಸಾವನ್ನು ಕೇಳಿದರು, ಆದರೆ ಗೋಡೆಗೆ ತಿರುಗಲಿಲ್ಲ. ತರಗತಿಯಲ್ಲಿ ಒಬ್ಬಳನ್ನು ರೋಗಿಯಾಗಿಸಿ ಈ ಸಂಭಾಷಣೆಯನ್ನೇ ಆಡಿಸಿ. ಸುಮ್ಮನೆ ಕುಳಿತಿರುವುದನ್ನು ಮೊದಲು ಕಲಿಸಿ, ಅದೇ ಎಲ್ಲಕ್ಕಿಂತ ಕಷ್ಟ. ಕೇಳಿದ್ದನ್ನು ಕೇಸ್‌ಶೀಟಿನಲ್ಲಿ ಬರೆದು ವೈದ್ಯರಿಗೆ ತಿಳಿಸಲಿ. ಗುಟ್ಟಾಗಿ ಇಟ್ಟುಕೊಳ್ಳುವುದು ಬೇಡ.

ಐಸಿಯು ನರ್ಸ್, ಮಂಗಳೂರು: ಕಾನೂನನ್ನೂ ಹೇಳಿಕೊಡಿ ಮೇಡಂ. ಸಾಯಿಸುವ ಔಷಧ ಕೊಡುವುದು ನಮ್ಮಲ್ಲಿ ಅಪರಾಧ. ಗುಣವಾಗುವ ಆಸೆಯೇ ಇಲ್ಲದವರ ವೆಂಟಿಲೇಟರ್ ನಿಲ್ಲಿಸುವುದು ಬೇರೆ ಮಾತು: 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ, ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಇದನ್ನು ತಿಳಿಯದ ಹೊಸಬರು ಮಾರ್ಫಿನ್ ಕೊಡಲೂ ಕೈ ನಡುಗಿಸುತ್ತಾರೆ, ತಾವೇ ಕೊಂದಂತಾಗುತ್ತದೆ ಎಂದು.

ಸುರತ್ಕಲ್‌ನವಳು, ಈಗ ಕೆನಡಾದಲ್ಲಿ: ಹೊರದೇಶಕ್ಕೆ ಹೊರಟವರಿಗೆ ಇನ್ನೊಂದು ಪಾಠ ಬೇಕು. ಇಲ್ಲಿ ರೋಗಿಯೇ ಕೇಳಿದಾಗ, ನಿಯಮಗಳಿಗೆ ಒಳಪಟ್ಟು, ಸಾಯಿಸುವ ಔಷಧ ಕೊಡುವುದು 2016ರಿಂದ ಕಾನೂನುಬದ್ಧ. ಔಷಧ ಕೊಡುವವರು ವೈದ್ಯರು ಅಥವಾ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದ ನರ್ಸ್). ನಮ್ಮಂಥ ನರ್ಸ್‌ಗಳು ರಕ್ತನಾಳಕ್ಕೆ ಐವಿ ನಳಿಕೆ ಹಾಕಿ ಜೊತೆಗಿರುತ್ತೇವೆ. ಮನಸ್ಸು ಒಪ್ಪದಿದ್ದರೆ ಆ ಕೆಲಸದಿಂದ ಹಿಂದೆ ಸರಿಯಬಹುದು, ರೋಗಿಯನ್ನು ಬಿಟ್ಟು ನಡೆಯುವಂತಿಲ್ಲ. ನಾನು ಮೊದಲ ಬಾರಿ ಹಿಂದೆ ಸರಿದೆ. ಆದರೂ ಆ ದಿನ ಬೆಳಿಗ್ಗೆ ರೋಗಿಯಾಗಿದ್ದ ಆಕೆಯ ತಲೆ ಬಾಚಿದ್ದು ನಾನೇ.