ವಕೀಲರನ್ನು ಕೇಳಿ: ಒಕ್ಕಲೆಬ್ಬಿಸುವ ನೋಟಿಸಿಗೆ ಏಷ್ಯಾದ ನ್ಯಾಯಾಲಯವಿದೆಯೇ?

ತೀರ್ಥಹಳ್ಳಿಯ ಸದಸ್ಯರು: ವಕೀಲರಿಗೆ ನಮಸ್ಕಾರ. ಏಷ್ಯಾ ಮಾನವ ಹಕ್ಕುಗಳ ನ್ಯಾಯಾಲಯ ಆರಂಭವಾಗಿದೆ, ಹಣ ಕಟ್ಟಿ ಗುರುತಿನ ಚೀಟಿ ಪಡೆದವರು ನೇರವಾಗಿ ದೂರು ಕೊಡಬಹುದು ಎಂಬ ಸಂದೇಶ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದೆ. ಇದು ನಿಜವೇ?

ವಕೀಲರು: ಸುಳ್ಳು. ಯುರೋಪಿಗೆ 1959ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ, ಅಮೆರಿಕ ಖಂಡಗಳಿಗೆ 1979ರಿಂದ ಕೋಸ್ಟರಿಕದಲ್ಲಿ ಇಂಥ ನ್ಯಾಯಾಲಯವಿದೆ. ಆಫ್ರಿಕಾದ್ದು ತಾಂಜಾನಿಯದ ಅರುಷಾದಲ್ಲಿದೆ. ಏಷ್ಯಾಕ್ಕೆ ಇಲ್ಲ. ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ರಾಷ್ಟ್ರಗಳು 2009ರಲ್ಲಿ ಒಂದು ಆಯೋಗ ರಚಿಸಿದವಾದರೂ ಅದಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ, ಭಾರತ ಆ ಒಕ್ಕೂಟದಲ್ಲೂ ಇಲ್ಲ. ಚೀಟಿಗೆ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೊಸನಗರದ ಸದಸ್ಯರು: ಮೇಡಂ, ನಮ್ಮದು ಪರಿಶಿಷ್ಟ ಪಂಗಡಕ್ಕೆ ಸೇರಿದ ಹಸಲರ ಕುಟುಂಬ. ನಮ್ಮ ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆ ದಾಟಿ ಉಪವಿಭಾಗ ಮಟ್ಟದ ಸಮಿತಿಯ ಮುಂದಿದೆ. ಅದು ತೀರ್ಮಾನವಾಗುವ ಮೊದಲೇ ಮನೆ, ಹಿತ್ತಿಲು ತೆರವು ಮಾಡಬೇಕೆಂಬ ನೋಟಿಸನ್ನು ಬಾಗಿಲಿಗೆ ಅಂಟಿಸಲಾಗಿದೆ. ಆಫ್ರಿಕಾದ ನ್ಯಾಯಾಲಯ ಕಾಡಿನ ಜನರ ಪರ ತೀರ್ಪು ಕೊಟ್ಟಿದೆ ಎಂದು ಮಗಳು ಓದಿ ಹೇಳಿದಳು. ನಾವೂ ಅಲ್ಲಿಗೆ ಬರೆಯಬಹುದೇ?

ವಕೀಲರು: ಬರೆಯಲು ಬರುವುದಿಲ್ಲ, ಆದರೆ ಮಗಳು ಓದಿದ್ದು ಸರಿಯಾಗಿದೆ. ಕೆನ್ಯಾದ ಮಾವ್ ಅರಣ್ಯದ ಒಗಿಯೆಕ್ ಸಮುದಾಯಕ್ಕೆ 2009ರಲ್ಲಿ 30 ದಿನಗಳೊಳಗೆ ಕಾಡು ಬಿಡಬೇಕೆಂಬ ನೋಟಿಸ್ ಬಂದಿತ್ತು. ಅವರ ದೂರು ಮೊದಲು ಆಫ್ರಿಕಾದ ಆಯೋಗಕ್ಕೆ, ಅಲ್ಲಿಂದ 2012ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಕಾಡು ಉಳಿಯಬೇಕಾದರೆ ಜನ ಹೊರಹೋಗಲೇಬೇಕೆಂಬ ಸರ್ಕಾರದ ವಾದವನ್ನು 2017ರ ತೀರ್ಪು ಒಪ್ಪಲಿಲ್ಲ. ಇತರರ ಒತ್ತುವರಿ ಮತ್ತು ಸರ್ಕಾರವೇ ಅರಣ್ಯದಿಂದ ಜಮೀನು ಬಿಡಿಸಿ ಹಂಚಿದ್ದು ಕಾಡು ಹಾಳಾಗಲು ಕಾರಣವೆಂದು ಅದು ಗುರುತಿಸಿತು. ಪರಿಹಾರದ ಆದೇಶ ಬಂದದ್ದು 2022ರಲ್ಲಿ. ಇಷ್ಟಾದ ಮೇಲೂ 2023ರ ನವೆಂಬರಿನಲ್ಲಿ ಅದೇ ಕಾಡಿನಲ್ಲಿ ಮತ್ತೆ ಮನೆಗಳನ್ನು ಕೆಡವಲಾಯಿತು. ಹೀಗಾಗಿ ನ್ಯಾಯಾಲಯ ಕಟ್ಟಿದರಷ್ಟೇ ಸಾಲದು, ಅದರ ಮಾತು ನಡೆಸುವ ಸರ್ಕಾರವೂ ಬೇಕು.

ಅಂಥದ್ದೊಂದು ನ್ಯಾಯಾಲಯ ನಮ್ಮ ಭಾಗದಲ್ಲಿ ಇದ್ದಿದ್ದರೂ ದೇಶದೊಳಗಿನ ದಾರಿಗಳನ್ನು ಮುಗಿಸಿಯೇ ಅದರ ಬಾಗಿಲಿಗೆ ಹೋಗಬೇಕಿತ್ತು. ನಿಮ್ಮ ದಾರಿ 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಮು. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ನಾಳೆಯೇ ಲಿಖಿತ ಆಕ್ಷೇಪಣೆ ಬರೆದು, ಅರ್ಜಿಯ ಸ್ವೀಕೃತಿ ಪತ್ರ ಮತ್ತು ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ, ನೋಟಿಸ್ ಕೊಟ್ಟವರಿಗೂ ಉಪವಿಭಾಗಾಧಿಕಾರಿಗೂ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ತಾರೀಖು ಸಹಿತ ಮೊಹರು ಹಾಕಿಸಿಕೊಳ್ಳಿ. ತಡೆಯಾಜ್ಞೆ ಬೇಕಾದರೆ ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಬಲ್ಲದೇ ಹೊರತು ತಡೆಯಾಜ್ಞೆ ಕೊಡಲಾರದು. ನೋಟಿಸಿನಲ್ಲಿ ಎಷ್ಟು ದಿನಗಳ ಗಡುವಿದೆ?

ಭದ್ರಾವತಿಯ ಸದಸ್ಯರು: ಏಷ್ಯಾ ನ್ಯಾಯಾಲಯದ ವಿಳಾಸ ತಿಳಿಸುವಿರಾ?

ವಕೀಲರು: ಇಲ್ಲದ ನ್ಯಾಯಾಲಯಕ್ಕೆ ವಿಳಾಸವಿಲ್ಲ. ಮೇಲಿನ ಉತ್ತರ ಓದಿ.

ಶಿಕಾರಿಪುರದ ಸದಸ್ಯರು: ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್ ಇರುವಾಗ ಅದೇ ಒಂದು ಆಯೋಗ ಸ್ಥಾಪಿಸಬಾರದೇಕೆ?

ವಕೀಲರು: 1985ರ ಸಾರ್ಕ್ ಸನ್ನದಿನ ಪ್ರಕಾರ ಎಲ್ಲ ನಿರ್ಧಾರಗಳೂ ಸರ್ವಾನುಮತದಿಂದಲೇ ಆಗಬೇಕು, ವಿವಾದಾತ್ಮಕ ವಿಷಯಗಳನ್ನು ಚರ್ಚೆಗೇ ತರುವಂತಿಲ್ಲ. ಪ್ರಜೆಯೊಬ್ಬ ತನ್ನ ಸರ್ಕಾರದ ಮೇಲೆ ಕೊಡುವ ದೂರಿಗಿಂತ ವಿವಾದಾತ್ಮಕವಾದದ್ದು ಯಾವುದಿದೆ? ಸಾರ್ಕ್ ನಾಯಕರ ಶೃಂಗಸಭೆಯೇ 2014ರ ಕಠ್ಮಂಡು ಸಭೆಯ ನಂತರ ನಡೆದಿಲ್ಲ.

ಕೊಪ್ಪದ ಸದಸ್ಯರು: ಹಾಗಾದರೆ ಮ್ಯಾನ್ಮಾರ್ ವಿಷಯದಲ್ಲಿ ಆಸಿಯಾನ್ ಆಯೋಗ ಏನು ಮಾಡಿತು?

ಸಾಗರದ ಸದಸ್ಯರು: ಅಷ್ಟು ದೂರ ಏಕೆ ಹೋಗಬೇಕು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗಾಗಿ ನಮ್ಮ ಹಿರಿಯರು ಊರು ಬಿಟ್ಟರು. ಪರಿಶಿಷ್ಟ ಪಂಗಡದವರಲ್ಲದ ನಮ್ಮಿಂದ ಅದೇ ಅರಣ್ಯ ಹಕ್ಕು ಕಾಯ್ದೆ 2005ಕ್ಕಿಂತ ಹಿಂದಿನ 75 ವರ್ಷಗಳ ವಾಸದ ದಾಖಲೆ ಕೇಳುತ್ತದೆ. ಮುಳುಗಿದ ಊರಿನ ದಾಖಲೆಯನ್ನು ಹಿನ್ನೀರಿನಲ್ಲಿ ಹುಡುಕಬೇಕೇ?

ಸೊರಬದ ಸದಸ್ಯರು: ನಿಮಗಾದರೂ ಬದಲಿ ಜಮೀನು ಸಿಕ್ಕಿತ್ತು. ಮುಳುಗಡೆಯ ಹೆಸರಿನಲ್ಲಿ ಆಮೇಲೆ ಬೇಲಿ ಸರಿಸಿದವರೂ ಇದ್ದಾರೆ.

ಸಾಗರದ ಸದಸ್ಯರು: ಬೇಲಿ ಸರಿಸಿದವರ ಲೆಕ್ಕ ತೆಗೆಯುವುದಾದರೆ ನಿಮ್ಮ ಊರಿನಿಂದಲೇ ಶುರುಮಾಡಿ, ಸ್ವಾಮಿ.

ಸೊರಬದ ಸದಸ್ಯರು: ಮಾತಿನಲ್ಲಿ ಹಿಡಿತವಿರಲಿ.

ತೀರ್ಥಹಳ್ಳಿಯ ಸದಸ್ಯರು: ಇಬ್ಬರೂ ಸ್ವಲ್ಪ ಸುಮ್ಮನಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗ ಬೆಂಗಳೂರಿನಲ್ಲಿದೆ. ಮಲೆನಾಡಿಗೊಂದು ಪೀಠವನ್ನಾದರೂ ಕೇಳಬಹುದಲ್ಲವೇ?

ವಕೀಲರು: ಖಂಡಿತ ಕೇಳಬಹುದು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಪ್ರತಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯವನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ಗೊತ್ತುಪಡಿಸಲು ಅವಕಾಶ ಕೊಟ್ಟಿದೆ, ಆದರೆ ವಿಚಾರಣೆಯ ವಿಧಾನವನ್ನು ಹೇಳದೆ ಬಿಟ್ಟಿದೆ. ಹೊಸ ಪೀಠದ ಜೊತೆಗೆ ಇದನ್ನೂ ಕೇಳಿ. ಆಯೋಗಕ್ಕೆ ದೂರು ಕೊಡುವವರು ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು.

ಭದ್ರಾವತಿಯ ಸದಸ್ಯರು: ಗುರುತಿನ ಚೀಟಿಗೆ ಈಗಾಗಲೇ ಹಣ ಕಟ್ಟಿದ್ದೇನೆ. ಅದಕ್ಕೇ ವಿಳಾಸ ಕೇಳಿದ್ದು.

ವಕೀಲರು: ಹಣ ಪಾವತಿಯ ರಸೀದಿ ಹಿಡಿದು ಪೊಲೀಸ್ ಠಾಣೆಗೆ ಹೋಗಿ. ಆ ಸಂದೇಶವನ್ನು ಇನ್ನೊಮ್ಮೆ ಇಲ್ಲಿ ಹಾಕಿದವರನ್ನು ಗುಂಪಿನಿಂದ ತೆಗೆಯಲು ನಿರ್ವಾಹಕರಿಗೆ ಹೇಳುತ್ತೇನೆ. ಹೊಸನಗರದವರೇ, ಗಡುವಿನ ಪ್ರಶ್ನೆಗೆ ನೀವು ಇನ್ನೂ ಉತ್ತರಿಸಿಲ್ಲ. ನೋಟಿಸಿನ ಎರಡೂ ಬದಿಯ ಚಿತ್ರ ತೆಗೆದು, ಗುಂಪಿಗೆ ಹಾಕದೆ, ಇಂದು ರಾತ್ರಿಯೇ ನನಗೊಬ್ಬಳಿಗೆ ಕಳುಹಿಸಿ.